ಇಪ್ಪತ್ತೊಂದು ಹೆಸರಿನಲ್ಲಿ ಬರೆದ ಪರೀಕ್ಷೆ

ನಿಮ್ಮ ಕಂಪನಿ ನಿಮ್ಮ ಹೆಸರಿನಲ್ಲಿ ದಾಖಲಿಸಿಕೊಂಡಿರುವ ಆನ್‌ಲೈನ್ ತರಬೇತಿಯನ್ನು ನಿಜವಾಗಿಯೂ ನೀವೇ ಮುಗಿಸಿದ್ದೀರಾ?

ಪ್ರಶ್ನೆ ಒರಟಾಯಿತೆಂದು ಬಲ್ಲೆ. ಪಾಠದ ವೀಡಿಯೊವನ್ನು ಅದರ ಪಾಡಿಗೆ ಓಡಲು ಬಿಟ್ಟು ಬೇರೆ ಕೆಲಸ ಮಾಡಿದವರು, ಪಕ್ಕದ ಮೇಜಿನವರನ್ನು ಕೇಳಿ ಉತ್ತರ ಒತ್ತಿದವರು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆಂಬುದು ಎಲ್ಲರಿಗೂ ಗೊತ್ತು. ಒಂದು ಕಾಲದಲ್ಲಿ ನಾನು ಈ ಪ್ರಶ್ನೆಯನ್ನು ಆರೋಪದ ದನಿಯಲ್ಲಿ ಕೇಳುತ್ತಿದ್ದೆ. ಈಗ ಉತ್ತರ ತಿಳಿಯಬೇಕೆಂಬ ಒಂದೇ ಕಾರಣಕ್ಕೆ ಕೇಳುತ್ತೇನೆ. ನನ್ನ ದನಿ ಬದಲಾದದ್ದು ಎರಡು ವರ್ಷಕ್ಕೂ ಹೆಚ್ಚು ಹಿಂದೆ, ಆಷಾಢದ ಗಾಳಿಯಿಂದ ದೀಪಾವಳಿಯವರೆಗಿನ ಕೆಲವು ತಿಂಗಳಲ್ಲಿ.

ಕಳೆದ ತಿಂಗಳು ಹಿರಿಯೂರಿನ ನಮ್ಮ ಕಚೇರಿಗೆ ಮತ್ತೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ತಾಗಿತು. ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಒರೆಸುತ್ತಾರಲ್ಲ, ಅದೇ ವಾಸನೆ. ಫೈಬರ್ ಕೇಬಲ್ಲಿನ ಒಳಗಿರುವ ಗಾಜಿನ ಎಳೆ ಕೂದಲಿನಷ್ಟು ತೆಳು. ಎರಡು ಎಳೆಗಳನ್ನು ಬೆಸೆಯುವ ಮೊದಲು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಅವುಗಳ ತುದಿ ಒರೆಸಬೇಕು. ಧೂಳಿನ ಕಣವೊಂದು ಉಳಿದರೂ ಬೆಳಕು ಸರಿಯಾಗಿ ದಾಟದು. ಆ ವಾಸನೆಯೊಂದಿಗೆ ಆ ವರ್ಷವೆಲ್ಲ ಹಿಂತಿರುಗಿ ಬಂತು.

ನಮ್ಮದು ಹಳ್ಳಿಗಳ ಪಂಚಾಯಿತಿ ಕಚೇರಿ, ಆಸ್ಪತ್ರೆ, ಸಹಕಾರ ಸಂಘಗಳಿಗೆ ಕೇಬಲ್ ಎಳೆದು ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿ. ನಾನು ಅದರಲ್ಲಿ ತರಬೇತಿ ಸಂಯೋಜಕಿ. ಪದವಿ ಓದಿದ್ದು ಚಿತ್ರದುರ್ಗದಲ್ಲಿ. ಅಲ್ಲಿ ಪಾಠಕ್ಕಿಂತ ಚರ್ಚಾಸ್ಪರ್ಧೆಯ ವೇದಿಕೆಯೇ ನನ್ನನ್ನು ರೂಪಿಸಿತು. ಅನ್ಯಾಯವನ್ನು ಕಂಡೊಡನೆ ಅದನ್ನು ಮೂರು ಅಂಶಗಳಲ್ಲಿ ಜೋಡಿಸಿ ಮಂಡಿಸುವುದು ಆಗ ಹತ್ತಿದ ಅಭ್ಯಾಸ. ಕೆಲಸಕ್ಕೆ ಸೇರಿ ತುಮಕೂರಿನಲ್ಲಿದ್ದವಳನ್ನು ಒಂದು ವರ್ಷದ ಮಟ್ಟಿಗೆ ಚಿತ್ರದುರ್ಗದ ಕಚೇರಿಗೆ ಕಳಿಸಿದಾಗ, ಓದಿದ ಊರಿಗೆ ಋಣ ತೀರಿಸುವ ಅವಕಾಶ ಬಂತೆಂದೇ ಭಾವಿಸಿದೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮತ್ತು ಚಿತ್ರದುರ್ಗ ಸೇರಿ ಇಪ್ಪತ್ತೊಂದು ಜನ ಕ್ಷೇತ್ರ ಸಿಬ್ಬಂದಿ. ಕಂಬ ಹತ್ತುವವರು, ಗುಂಡಿ ತೋಡಿ ಕೇಬಲ್ ಹುಡುಕುವವರು, ಎಳೆ ಬೆಸೆಯುವವರು. ಇವರೆಲ್ಲ ದೂರಸಂಪರ್ಕ ಮತ್ತು ನೆಟ್‌ವರ್ಕಿಂಗ್ ಕುರಿತ ಆನ್‌ಲೈನ್ ತರಬೇತಿ ಮುಗಿಸಬೇಕೆಂಬುದು ಕೇಂದ್ರ ಕಚೇರಿಯ ಆಜ್ಞೆ. ಆರು ಪಾಠ, ಎಲ್ಲವೂ ಇಂಗ್ಲಿಷಿನ ವೀಡಿಯೊ. ಪ್ರತಿ ಪಾಠದ ಕೊನೆಗೆ ಐವತ್ತು ಪ್ರಶ್ನೆ, ನಲವತ್ತು ನಿಮಿಷ. ಪರೀಕ್ಷೆಯ ಪುಟ ತೆರೆಯಬೇಕಾದರೆ ಅವರವರ ಫೋನಿಗೆ ಬರುವ ಓಟಿಪಿಯನ್ನು ಒತ್ತಬೇಕು. ನನ್ನ ಮುಂದಿದ್ದ ಪಟ್ಟಿಯಲ್ಲಿ ಇಪ್ಪತ್ತೊಂದು ಜನರೂ ತೇರ್ಗಡೆಯಾಗಿದ್ದರು, ಅದೂ ತೊಂಬತ್ತರ ಮೇಲೆ. ನಾನು ಹೆಮ್ಮೆಪಟ್ಟೆ.

ಆಷಾಢದ ಒಂದು ಬೆಳಗ್ಗೆ ಕೆಲಸ ನೋಡಲೆಂದು ರಾಮಗಿರಿಗೆ ಹೋದೆ. ಮೋಡ ತುಂಬಿದ್ದರೂ ಹನಿ ಬಿದ್ದಿರಲಿಲ್ಲ. ಗಾಳಿಗೆ ಮೆಕ್ಕೆಜೋಳದ ಪೈರು ಒಂದೇ ಕಡೆಗೆ ವಾಲಿತ್ತು. ರೈಲು ನಿಲ್ದಾಣದ ಹತ್ತಿರದ ಕಂಬಕ್ಕೆ ಆನಿಸಿದ ಏಣಿಯನ್ನು ಇಬ್ಬರು ಬಿಗಿಯಾಗಿ ಹಿಡಿದಿದ್ದರು. ಮೇಲಿದ್ದವರು ತಿಪ್ಪೇಸ್ವಾಮಿ. ತಾಳ್ಯದವರು, ಐವತ್ತು ದಾಟಿದವರು, ಜಿಲ್ಲೆಯಲ್ಲಿ ಎಳೆ ಬೆಸೆಯುವುದರಲ್ಲಿ ಅವರ ಕೈ ಮೀರಿಸುವವರಿಲ್ಲ ಎಂಬ ಹೆಸರು. ನಾನು ಕೆಳಗೆ ನಿಂತಿದ್ದಾಗ ಅವರ ಫೋನು ಸದ್ದು ಮಾಡಿತು. ಅದನ್ನೊಮ್ಮೆ ನೋಡಿ, ಯಾರಿಗೋ ಕರೆ ಮಾಡಿ, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಿದರು.

"ರತ್ನವ್ವ, ಬರ್ಕ. ನಾಕು, ಏಳು, ಸೊನ್ನೆ, ಒಂದು, ಒಂದು, ಆರು. ಹ್ಞೂಂ. ತಿಂಡಿ ಆತಾ?"

ಕೇಬಲ್ಲಿನ ಯಾವುದೋ ಸಂಖ್ಯೆಯಿರಬೇಕು ಎಂದುಕೊಂಡೆ. ಮುಕ್ಕಾಲು ಗಂಟೆಯ ನಂತರ ಅವರು ಇಳಿದು, ಮಜ್ಜಿಗೆ ಕುಡಿಯುತ್ತ ಕುಳಿತಾಗ ಫೋನು ಮತ್ತೆ ಸದ್ದು ಮಾಡಿತು.

"ಏನೋ ಬಂತು ನೋಡ್ರಿ ಮೇಡಂ, ಇಂಗ್ಲಿಷ್ನಾಗೈತೆ" ಎಂದು ನನ್ನ ಕೈಗೇ ಕೊಟ್ಟರು.

ನೆಟ್‌ವರ್ಕ್ ವಿಳಾಸಗಳ ಪಾಠದಲ್ಲಿ ತೇರ್ಗಡೆಯಾದುದಕ್ಕೆ ಅಭಿನಂದನೆ ಹೇಳುವ ಸಂದೇಶ ಅದು. ನಲವತ್ತು ನಿಮಿಷ ಕಂಬದ ಮೇಲಿದ್ದವರು ಅದೇ ನಲವತ್ತು ನಿಮಿಷದಲ್ಲಿ ಪರೀಕ್ಷೆ ಬರೆದಿದ್ದರು.

"ಪಾಸಾಗಿದ್ದೀರಂತೆ" ಎಂದೆ.

"ಹೌದಾ? ಎಷ್ಟು ಬಂದೈತೆ?"

"ತೊಂಬತ್ತನಾಲ್ಕು."

"ಪರ್ವಾಗಿಲ್ಲ. ಹೋದ್ಸಲ ತೊಂಬತ್ತಾರು ಬಂದಿತ್ತು."

ಅವರ ಮುಖದಲ್ಲಿ ಮುಚ್ಚಿಡುವ ಲಕ್ಷಣವೇ ಇರಲಿಲ್ಲ. ಬರೆದವರು ಯಾರೆಂದು ಕೇಳಿದೆ. "ಇನ್ಯಾರು, ರತ್ನವ್ವ. ಹಿರಿಯೂರು ಆಫೀಸ್ನಾಗೆ ಕಂಪ್ಯೂಟರ್ ಮುಂದೆ ಕುಂತಿರೋಳು ಅವಳೇ ಅಲ್ವ? ನಾವು ನಂಬರ್ ಹೇಳ್ತೀವಿ, ಅವಳು ಬರೀತಾಳೆ. ಇಪ್ಪತ್ತೊಂದು ಜನದ್ದೂ ಅವಳೇ." ಏಣಿ ಹಿಡಿದಿದ್ದವರು, ಇದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ ನನ್ನನ್ನು ನೋಡಿದರು.

ಅಂದು ಸಂಜೆಯೊಳಗೆ ಕೇಂದ್ರ ಕಚೇರಿಗೆ ಮೂರು ಪುಟದ ಪತ್ರ ಬರೆದೆ. ಪೀಠಿಕೆ, ಸಾಕ್ಷ್ಯ, ವಾದ, ಉಪಸಂಹಾರ. ಆಸ್ಪತ್ರೆಯೊಂದರ ಸಂಪರ್ಕವನ್ನು ಸುಳ್ಳು ಪ್ರಮಾಣಪತ್ರ ಹಿಡಿದವರ ಕೈಗೆ ಒಪ್ಪಿಸುವುದು ಸರಿಯೇ ಎಂದು ಕೇಳಿದೆ. ಆ ಪ್ರಶ್ನೆಯನ್ನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ಕೊನೆಯ ಪುಟದಲ್ಲಿ ರತ್ನಮ್ಮ ಎಂಬ ಹೆಸರು ಬರೆದು ಅದರ ಕೆಳಗೆ ಗೆರೆ ಎಳೆದೆ. ಆಕೆಯನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ. ಎದುರುಪಕ್ಷದ ಮಾತು ಕೇಳದೆ ತೀರ್ಪು ಕೊಡಬಾರದೆಂಬುದು ಚರ್ಚಾವೇದಿಕೆಯ ಮೊದಲ ನಿಯಮ. ಕಾಲೇಜಿನಲ್ಲಿ ಅದನ್ನು ಕಿರಿಯರಿಗೆ ಹೇಳಿಕೊಟ್ಟವಳೇ ಅಂದು ಅದನ್ನು ಮರೆತೆ.

ವಾರದೊಳಗೆ ಉತ್ತರ ಬಂತು. ವಿಚಾರಣೆ ನಡೆಯುತ್ತದೆ, ಬೇರೆಯವರ ಹೆಸರಿನಲ್ಲಿ ಪರೀಕ್ಷೆ ಬರೆಯುವುದು ಕೆಲಸದಿಂದ ತೆಗೆಯಬಹುದಾದ ತಪ್ಪು, ಅಲ್ಲಿಯವರೆಗೆ ಇನ್ನಷ್ಟು ಸಾಕ್ಷ್ಯ ಸಂಗ್ರಹಿಸಬೇಕು. ಆ ಸಾಕ್ಷ್ಯಕ್ಕಾಗಿ ಶ್ರಾವಣದ ಮೊದಲ ವಾರ ನಾನು ಹಿರಿಯೂರಿಗೆ ಹೋದೆ.

ರತ್ನಮ್ಮನವರಿಗೆ ಆಗ ಮೂವತ್ತಾರು ವರ್ಷ. ಪಿಯುಸಿ ಓದಿದವರು. ಐಮಂಗಲದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಗಂಡ ಲಾರಿ ಓಡಿಸುತ್ತಿದ್ದವರು ಬೆನ್ನುನೋವಿಂದ ಮನೆಯಲ್ಲಿದ್ದರು. ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿ. ಮನೆ ನಡೆಯುತ್ತಿದ್ದುದು ಈಕೆಯ ಕೆಲಸದಿಂದ. ಹುದ್ದೆಯ ಹೆಸರು ಆಪರೇಟರ್. ಹಳ್ಳಿಗಳಿಂದ ಬರುವ ದೂರುಗಳನ್ನು ಬರೆದುಕೊಂಡು, ಕಂಪ್ಯೂಟರಿಗೆ ಹಾಕಿ, ಆಯಾ ಕಡೆಯ ಸಿಬ್ಬಂದಿಗೆ ತಿಳಿಸುವುದು. ನಾನು ಹೋದಾಗ ಕುರ್ಚಿ ಒರೆಸಿ, "ಕುಂತ್ಕಳ್ರಿ ಮೇಡಂ" ಎಂದರು. ಎರಡು ನಿಮಿಷ ಮಾತಾಡುವಷ್ಟರಲ್ಲಿ ಫೋನುಗಳು ಶುರುವಾದವು.

ಹೊಸದುರ್ಗದ ಕಡೆಯ ಹಳ್ಳಿಗಳಲ್ಲೆಲ್ಲ ಸಂಪರ್ಕ ಬರುತ್ತಿತ್ತು, ಹೋಗುತ್ತಿತ್ತು. ಐದು ನಿಮಿಷ ಇದ್ದರೆ ಹತ್ತು ನಿಮಿಷ ಇಲ್ಲ. ಆರೋಗ್ಯ ಕೇಂದ್ರವೊಂದರಲ್ಲಿ ರೋಗಿಗಳ ಸಾಲು ನಿಂತಿತ್ತು. ಅಂದು ಆ ಭಾಗದ ಕೆಲಸಕ್ಕೆ ಹೋಗಿದ್ದ ತಿಪ್ಪೇಸ್ವಾಮಿ ಕರೆ ಮಾಡಿದರು. ರತ್ನಮ್ಮ ಎರಡೂ ಕೈಯಿಂದ ಟೈಪ್ ಮಾಡುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದರು.

"ರತ್ನವ್ವ, ಮಷೀನು ಹಾಕಿ ನೋಡ್ದೆ. ಕೇಬಲ್ ಎಲ್ಲೂ ತುಂಡಾಗಿಲ್ಲ ಅಂತೈತೆ. ಆದ್ರೂ ಜಾಯಿಂಟ್ ಬಿಚ್ತೀನಿ. ಒಳಗೆ ನೀರು ಹೋಗಿರ್ಬೇಕು."

"ಬಿಚ್ಬೇಡ್ರಿ ಅಣ್ಣಾ. ತುಂಡಾಗಿದ್ರೆ ಪೂರ್ತಿ ಹೋಗ್ಬೇಕಿತ್ತು. ಹಿಂಗೆ ಬಂದು ಬಂದು ಹೋಗ್ತೈತೆ ಅಂದ್ರೆ ಬೇರೆ ಏನೋ. ಬೆಳಿಗ್ಗೆಯಿಂದ ಎಲ್ಲಾದ್ರೂ ರೌಟರ್ ಪೆಟ್ಟಿಗೆ ಬದಲಾಯ್ಸಿದ್ರಾ?"

"ಒಂದು ಬದಲಾಯ್ಸಿದ್ದೆ. ಸೊಸೈಟಿ ಆಫೀಸ್ನಾಗೆ ಇದ್ದಿದ್ದು ಸುಟ್ಟೋಗಿತ್ತು."

"ಹೊಸದು ಹಾಕಿದ್ರಾ?"

"ಹೊಸದು ಎಲ್ಲಿಂದ ತರ್ಲಿ ತಾಯಿ. ಹೊಸದುರ್ಗ ಆಫೀಸಿಂದು ಹಳೇದು ಮೂಲೇಲಿ ಬಿದ್ದಿತ್ತಲ್ಲ, ಅದನ್ನೇ ಹಾಕ್ದೆ. ಲೈಟು ಉರೀತಾ ಐತೆ."

"ಅದರೊಳಗಿನ ಹಳೇ ಅಡ್ರೆಸ್ ಅಳಿಸಿದ್ರಾ?"

"ಅಳಿಸೋದು ಅಂದ್ರೆ?"

"ಮೊದ್ಲು ಹೋಗಿ ಅದನ್ನ ಬಂದ್ ಮಾಡ್ರಿ ಅಣ್ಣಾ. ಬೇರೆ ಏನೂ ಮುಟ್ಬೇಡ್ರಿ."

ಹದಿನೈದು ನಿಮಿಷದಲ್ಲಿ ಪೆಟ್ಟಿಗೆ ಬಂದ್ ಆಯಿತು. ಮತ್ತೆ ಐದು ನಿಮಿಷದಲ್ಲಿ ಫೋನುಗಳು ನಿಂತವು. ಆ ಹಳೆಯ ಪೆಟ್ಟಿಗೆ ಹಿಂದೆ ಹೊಸದುರ್ಗದ ಮುಖ್ಯ ಪೆಟ್ಟಿಗೆಯಾಗಿತ್ತು. ಸುತ್ತಲಿನ ಹಳ್ಳಿಗಳ ಸಂಪರ್ಕವೆಲ್ಲ ಹೊರಗಿನ ಲೋಕಕ್ಕೆ ಹೋಗುತ್ತಿದ್ದುದು ಅದರ ಮೂಲಕ. ಅದನ್ನು ತೆಗೆದು ಹೊಸದನ್ನು ಇಟ್ಟಾಗ ಅದೇ ವಿಳಾಸವನ್ನು ಹೊಸದಕ್ಕೂ ಕೊಟ್ಟಿದ್ದರು. ಈಗ ಹಳೆಯದೂ ಎಚ್ಚರಗೊಂಡು, ಒಂದೇ ವಿಳಾಸಕ್ಕೆ ಎರಡು ಪೆಟ್ಟಿಗೆಗಳಾಗಿದ್ದವು.

"ಒಂದೇ ಡೋರ್ ನಂಬರ್ ಎರಡು ಮನೆಗೆ ಬರೆದ್ರೆ ಪೋಸ್ಟಿನೋರು ಏನ್ ಮಾಡ್ತಾರೆ ಮೇಡಂ? ಒಂದಿನ ಅಲ್ಲಿ ಹಾಕ್ತಾರೆ, ಒಂದಿನ ಇಲ್ಲಿ" ಎಂದು ರತ್ನಮ್ಮ ನನಗೆ ವಿವರಿಸಿದರು. ತರಬೇತಿ ಸಂಯೋಜಕಿಯಾದ ನನಗೆ ಅದು ಗೊತ್ತಿರಲಿಲ್ಲ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ಆಕೆ ಮೇಜಿನ ಖಾನೆಯಿಂದ ನಾಲ್ಕು ನೋಟುಪುಸ್ತಕ ತೆಗೆದರು. ಮಕ್ಕಳ ಹಳೆಯ ನೋಟುಪುಸ್ತಕಗಳು. ಖಾಲಿ ಉಳಿದ ಹಾಳೆಗಳಲ್ಲಿ ಆರೂ ಪಾಠಗಳನ್ನು ಕನ್ನಡದಲ್ಲಿ, ತಮ್ಮದೇ ಮಾತಿನಲ್ಲಿ ಬರೆದುಕೊಂಡಿದ್ದರು. ಅಲ್ಲಲ್ಲಿ ಚಿತ್ರ, ಬಾಣದ ಗುರುತು.

"ಮೊದಲ್ನೇ ಮೂರು ಜನದ್ದು ಫೇಲ್ ಮಾಡಿಬಿಟ್ಟೆ ಮೇಡಂ. ಪ್ರಶ್ನೆ ಒಬ್ಬೊಬ್ಬರಿಗೆ ಒಂದೊಂದು ಬರ್ತಾವೆ. ನನ್ನ ದೆಸೆಯಿಂದ ಅವರ ಹೆಸರಿಗೆ ಫೇಲ್ ಅಂತ ಬಂತಲ್ಲ ಅಂತ ನಾಚಿಕೆ ಆತು. ಆಮೇಲೆ ವೀಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ ಬರ್ಕಂಡೆ, ಅವರ್ದೂ ಮತ್ತೆ ಬರೆದೆ. ಒಂದೊಂದು ಪಾಠ ಇಪ್ಪತ್ತೊಂದು ಸಲ ಬರೆದ್ರೆ ತಲೇಲಿ ಕೂರದೆ ಎಲ್ಲಿ ಹೋಗ್ತೈತೆ?"

"ನಿಮ್ಮ ಹೆಸರಿನಲ್ಲಿ ಬರೆದಾಗ ಎಷ್ಟು ಬಂತು?"

"ನನ್ನ ಹೆಸ್ರು ಪಟ್ಟೀಲಿಲ್ಲ ಮೇಡಂ. ತರಬೇತಿ ಫೀಲ್ಡಿನೋರಿಗೆ. ನಾನು ಆಪರೇಟರ್."

ಆ ಪಟ್ಟಿಯನ್ನು ತಿಂಗಳು ತಿಂಗಳು ಕೇಂದ್ರ ಕಚೇರಿಗೆ ಕಳಿಸುತ್ತಿದ್ದವಳು ನಾನು. ಅದರಲ್ಲಿ ಒಂದೂ ಹೆಂಗಸಿನ ಹೆಸರಿಲ್ಲವೆಂಬುದು, ಹೆಂಗಸಾದ ನನ್ನ ಕಣ್ಣಿಗೆ ಆ ಮಧ್ಯಾಹ್ನದವರೆಗೆ ಬಿದ್ದಿರಲಿಲ್ಲ.

ಊಟದ ಹೊತ್ತಿಗೆ ರತ್ನಮ್ಮ ಡಬ್ಬಿ ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆ ಇಟ್ಟರು. ಅದನ್ನು ತಿಂದು ಆಮೇಲೆ ಹೇಳುವುದು ಸಾಧ್ಯವಿರಲಿಲ್ಲ. ಪತ್ರದ ವಿಷಯ ಹೇಳಿದೆ. ಹೆಸರಿನ ಕೆಳಗೆ ಗೆರೆ ಎಳೆದದ್ದನ್ನೂ ಹೇಳಿದೆ.

ಆಕೆ ಡಬ್ಬಿಯ ಮುಚ್ಚಳ ಹಾಕಿದರು. "ಬರೆದಿದ್ದು ಸುಳ್ಳೇನಲ್ಲ ಮೇಡಂ. ಆದ್ರೆ ದುರ್ಗದಿಂದ ಹಿರಿಯೂರಿಗೆ ಮುಕ್ಕಾಲು ಗಂಟೆ ದಾರಿ. ಬಂದು ಒಂದು ಮಾತು ಕೇಳಬೌದಿತ್ತು." ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, "ಕೆಲಸ ಹೋಗ್ತೈತಾ?" ಎಂದರು.

"ಹೋಗಬಹುದು" ಎಂದೆ. ಸುಳ್ಳು ಧೈರ್ಯ ಹೇಳುವ ಹಕ್ಕು ನನಗಿರಲಿಲ್ಲ.

ಆಮೇಲೆ ಆಕೆ ನನ್ನೊಡನೆ ಮಾತಾಡಲಿಲ್ಲ. ಹೊರಟಾಗಲೂ ತಲೆ ಎತ್ತಲಿಲ್ಲ. ಮುಂದಿನ ಒಂದು ತಿಂಗಳು ನನ್ನ ಫೋನಿಗೆ ಸಿಕ್ಕ ಉತ್ತರ "ಹ್ಞೂಂ ಮೇಡಂ" ಎಂಬುದೊಂದೇ.

ಗಣಪತಿ ಹಬ್ಬ ಮುಗಿದ ವಾರ ಚಿತ್ರದುರ್ಗದ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಕೇಂದ್ರ ಕಚೇರಿಯ ತರಬೇತಿ ಮುಖ್ಯಸ್ಥರು ಪರದೆಯ ಮೇಲಿದ್ದರು. ಕನ್ನಡ ಬಲ್ಲವರು, ಕಟ್ಟುನಿಟ್ಟಿನವರು, ಕೆಟ್ಟವರಲ್ಲ. ಇಪ್ಪತ್ತೊಂದು ಜನ ಗೋಡೆಗೆ ಒರಗಿ ನಿಂತಿದ್ದರು. ರತ್ನಮ್ಮ ಒಬ್ಬರೇ ಕುರ್ಚಿಯಲ್ಲಿ ಕುಳಿತಿದ್ದರು.

"ಬರ್ದಿದೀನಿ ಸರ್. ಎಲ್ಲರ ಹೆಸರಲ್ಲೂ" ಎಂದು ಮೊದಲ ಪ್ರಶ್ನೆಗೇ ಒಪ್ಪಿಕೊಂಡರು. ಏಕೆ ಎಂದು ಕೇಳಿದಾಗ, "ನಾಳೆ ಸಂಜೆಯೊಳಗೆ ಮುಗಿಸದಿದ್ರೆ ಕೆಲಸದ ಪಟ್ಟಿಯಿಂದ ಹೆಸರು ತೆಗೀತೀವಿ ಅಂತ ಮೆಸೇಜ್ ಬರೋದು ಸರ್. ಆವಾಗ ಇವರು ಕಂಬದ ಮೇಲೆ ಇರೋರು. ಇಳಿದು ಬರೀಬೇಕಾ, ಲೈನ್ ಸರಿ ಮಾಡ್ಬೇಕಾ?" ಎಂದರು.

ತಿಪ್ಪೇಸ್ವಾಮಿ ಕೇಳದೆಯೇ ಮುಂದೆ ಬಂದರು. "ನಂಬರ್ ಹೇಳಿದೋರು ನಾವು ಸಾರ್. ಬಾಗ್ಲು ತೆಗೆದೋರ್ನ ಬಿಟ್ಟು ಒಳಗೆ ಬಂದೋಳ್ನ ಒಬ್ಬಳನ್ನೇ ಹಿಡಿದ್ರೆ ಹೆಂಗೆ? ತೆಗೆಯಂಗಿದ್ರೆ ನಮ್ಮನ್ನೂ ತೆಗೀರಿ."

ನಾನು ಹೊಸದುರ್ಗದ ಆ ಬೆಳಗಿನ ವಿಷಯವನ್ನು, ನಾಲ್ಕು ನೋಟುಪುಸ್ತಕಗಳನ್ನು ಮುಂದಿಟ್ಟೆ. ಆಕೆಯನ್ನು ಶಿಕ್ಷಕಿಯಾಗಿ ಬಳಸಿಕೊಳ್ಳಬೇಕೆಂದೂ, ಪಾಠವನ್ನು ಕನ್ನಡಕ್ಕೆ ತರಬೇಕೆಂದೂ ಕೇಳಿದೆ.

"ದೂರು ಕೊಟ್ಟವರೂ ನೀವೇ, ವಕೀಲರೂ ನೀವೇನಾ?" ಎಂದರು ಮುಖ್ಯಸ್ಥರು.

"ದೂರು ನಿಜ ಸರ್. ಆದರೆ ಅದರಲ್ಲಿ ಅರ್ಧ ಬರೆದಿದ್ದೆ. ಉಳಿದರ್ಧ ಹೇಳುತ್ತಿದ್ದೇನೆ."

ಅವರು ಯೋಚಿಸಿ ತೀರ್ಮಾನ ಕೊಟ್ಟರು. ಎಲ್ಲ ಪ್ರಮಾಣಪತ್ರಗಳೂ ರದ್ದು. ನಲವತ್ತು ದಿನದಲ್ಲಿ ಇಪ್ಪತ್ತೊಂದು ಜನರೂ ಕ್ಯಾಮೆರಾ ಮುಂದೆ ಕುಳಿತು ಒಟ್ಟು ಪಾಠಗಳ ಪರೀಕ್ಷೆ ಬರೆಯಬೇಕು. ಒಬ್ಬೊಬ್ಬರಿಗೆ ಎರಡು ಅವಕಾಶ. ಕೆಲಸ ತಿಳಿಯದವರನ್ನು ತಿಳಿದವರೆಂದು ತೋರಿಸಿ ರತ್ನಮ್ಮ ಕಂಪನಿಗೆ ಹಾನಿ ಮಾಡಿದ್ದಾರೋ ಇಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ. ಎಲ್ಲರೂ ತೇರ್ಗಡೆಯಾದರೆ ಆಕೆಯ ಕೆಲಸ ಉಳಿಯುತ್ತದೆ. ಇಲ್ಲವಾದರೆ ಇಲ್ಲ. ಕನ್ನಡದ ವಿಷಯ ಮುಂದೆ ನೋಡೋಣ.

ಹೊರಗೆ ಬಂದಾಗ ರತ್ನಮ್ಮ ಒಂದು ತಿಂಗಳ ಮೌನ ಮುರಿದು ನನ್ನನ್ನು ಕೇಳಿದ್ದು ಒಂದೇ: "ನಾನು ಇವರಿಗೆ ಹೇಳ್ಕೊಡಬೌದಾ, ಅದೂ ತಪ್ಪಾ?" ಅದು ತಪ್ಪಲ್ಲ ಎಂದೆ.

ಅಲ್ಲಿಯವರೆಗೆ ಬೆಳಗಾದರೆ ಸಿಬ್ಬಂದಿಯ ಓಟಿಪಿ ಕರೆಗಳು ರತ್ನಮ್ಮನವರಿಗೆ ಬರುತ್ತಿದ್ದವು. ಮರುದಿನದಿಂದ ಅದು ತಿರುಗಿತು. ಐಮಂಗಲದಲ್ಲಿ ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ಆಕೆ ಒಂದು ಪಾಠದ ತುಣುಕನ್ನು ಫೋನಿನಲ್ಲಿ ಮಾತಾಡಿ ಎಲ್ಲರಿಗೂ ಕಳಿಸುತ್ತಿದ್ದರು. ಹಿಂದೆ ಹೆದ್ದಾರಿಯ ಲಾರಿಗಳ ಹಾರನ್ನು, ಕಂಡಕ್ಟರರ ಕೂಗು. "ಅಣ್ಣಂದಿರಾ, ಇವತ್ತು ಸ್ವಿಚ್ಚಿಗೂ ರೌಟರಿಗೂ ಏನು ವ್ಯತ್ಯಾಸ ಅಂತ ಹೇಳ್ತೀನಿ, ಬಸ್ ಬಂದ್ರೆ ಅರ್ಧಕ್ಕೆ ನಿಲ್ಲಿಸ್ತೀನಿ" ಎಂದು ಶುರುವಾಗುತ್ತಿತ್ತು. ಸಿಬ್ಬಂದಿ ಬೈಕಿನಲ್ಲಿ ಹೋಗುವ ಮೊದಲು ಒಮ್ಮೆ, ಬುತ್ತಿ ಬಿಚ್ಚಿದಾಗ ಒಮ್ಮೆ ಕೇಳುತ್ತಿದ್ದರು. ಭಾನುವಾರಗಳಲ್ಲಿ ನಾನು ಆಕೆಯನ್ನು ಕರೆದುಕೊಂಡು ಒಂದೊಂದು ಕಡೆ ಹೋಗುತ್ತಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಪದಗಳನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದು, ಅವುಗಳ ರೂಪವನ್ನು ಗುರುತು ಹಿಡಿಯುವಂತೆ ಮಾಡುವುದು ನನ್ನ ಪಾಲಿನ ಕೆಲಸ.

ತಾಳ್ಯದ ಹತ್ತಿರ 'ಹೊಂಗೆಮರದ ಕ್ಲಾಸು' ಎಂದು ಅವರು ಕರೆಯುತ್ತಿದ್ದ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಮಳೆ ಒಂದು ಹದ ಬಿದ್ದು ನಿಂತಿತ್ತು. ಐಪಿ ವಿಳಾಸದ ಪಾಠ ತಿಪ್ಪೇಸ್ವಾಮಿಯವರ ತಲೆಗೆ ಹತ್ತುತ್ತಲೇ ಇರಲಿಲ್ಲ.

"ಓದೋ ವಯಸ್ಸೇನವ್ವ ನಂದು? ಮಗಳು ಕಾಲೇಜಿಗೆ ಹೋಗ್ತಾಳೆ, ನಾನು ಮರದಡಿ ಕುಂತು ಮಗ್ಗಿ ಒಪ್ಪಿಸ್ಬೇಕಾ? ಏಳ್ರಲೇ, ಹೋಗಾಣ."

ರತ್ನಮ್ಮ ಅವರ ಚೀಲದಿಂದಲೇ ಕೇಬಲ್ಲಿನ ತುಂಡೊಂದನ್ನು ತೆಗೆದು ಅವರ ಕೈಗಿಟ್ಟರು. "ಇದ್ರಾಗೆ ಎಷ್ಟು ಫೈಬರ್ ಅವೆ ಅಣ್ಣಾ?"

"ನಲವತ್ತೆಂಟು. ನಾಕು ಟ್ಯೂಬು, ಒಂದೊಂದ್ರಾಗೆ ಹನ್ನೆರಡು."

"ಸೊಸೈಟಿ ಆಫೀಸಿಂದು ಯಾವುದು?"

"ಗ್ರೀನ್ ಟ್ಯೂಬು, ಬ್ರೌನ್ ಫೈಬರ್."

"ಬರೀ ಬ್ರೌನ್ ಅಂದ್ರೆ ಆಗಲ್ವಾ?"

"ಹೆಂಗಾಗ್ತೈತೆ? ನಾಕು ಟ್ಯೂಬ್ನಾಗೂ ಒಂದೊಂದು ಬ್ರೌನ್ ಅವೆ. ಮೊದ್ಲು ಟ್ಯೂಬು ಹೇಳ್ಬೇಕು."

"ಐಪೀನೂ ಅಷ್ಟೇ ಅಣ್ಣಾ. ಮುಂದಿನ ಭಾಗ ಟ್ಯೂಬು, ಯಾವ ಗುಂಪು ಅಂತ. ಹಿಂದಿನ ಭಾಗ ಫೈಬರ್, ಆ ಗುಂಪಿನಾಗೆ ಯಾವ ಪೆಟ್ಟಿಗೆ ಅಂತ."

ತಿಪ್ಪೇಸ್ವಾಮಿ ಕೇಬಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟೇನಾ? ಮತ್ತೆ ಆ ವಿಡಿಯೋದಾಗೆ ಸೂಟ್ ಹಾಕ್ಕಂಡೋನು ಅಷ್ಟೊತ್ತು ಯಾಕೆ ಎಳೀತಾನೆ?" ಎಂದರು. ಅಂದು ಅವರು ಎದ್ದು ಹೋಗಲಿಲ್ಲ.

ಪರೀಕ್ಷೆಗಳು ದಸರೆಗೆ ಮುಂಚೆ ಹಿರಿಯೂರು ಕಚೇರಿಯಲ್ಲಿ ನಡೆದವು. ಆ ದಿನಗಳಲ್ಲಿ ರತ್ನಮ್ಮ ಒಳಗಿರಬಾರದೆಂಬ ಆದೇಶವಿತ್ತು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಹದಿನೆಂಟು ಜನ ಮೊದಲ ಸಲವೇ ತೇರ್ಗಡೆಯಾದರು, ಇಬ್ಬರು ಎರಡನೆಯ ಸಲ. ಉಳಿದವರು ತಿಪ್ಪೇಸ್ವಾಮಿ.

ಅವರ ಮೊದಲ ಪರೀಕ್ಷೆ ಹನ್ನೊಂದನೆಯ ನಿಮಿಷಕ್ಕೇ ನಿಂತುಹೋಗಿತ್ತು. ಎಳೆ ಬೆಸೆಯುವವರು ಬಣ್ಣಗಳ ಕ್ರಮ ತಪ್ಪಬಾರದು. ತಿಪ್ಪೇಸ್ವಾಮಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವಾಗಲೆಲ್ಲ "ಬ್ಲೂ, ಆರೆಂಜು, ಗ್ರೀನು, ಬ್ರೌನು, ಸ್ಲೇಟು, ವೈಟು" ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದವರು. ಉತ್ತರ ನೆನಪಿಸಿಕೊಳ್ಳಲು ಪರೀಕ್ಷೆಯಲ್ಲೂ ಹಾಗೆಯೇ ಹೇಳಿಕೊಂಡರು. ಯಾರೊಡನೆಯೋ ಮಾತಾಡುತ್ತಿದ್ದಾರೆಂದು ತಿಳಿದ ಕ್ಯಾಮೆರಾದ ವ್ಯವಸ್ಥೆ ಪುಟವನ್ನು ಮುಚ್ಚಿಬಿಟ್ಟಿತು. ಈ ಬಾರಿಯೂ ಹಾಗಾದರೆ ರತ್ನಮ್ಮನವರ ಕೆಲಸ ಹೋದಂತೆಯೇ. ಅದನ್ನು ಅವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ನಾನು ಮುಖ್ಯಸ್ಥರಿಗೆ ಬರೆದ ಮನವಿಗೆ, ನಿಯಮ ಎಲ್ಲರಿಗೂ ಒಂದೇ ಎಂಬ ಉತ್ತರ ಬಂದಿತ್ತು.

ಎರಡನೆಯ ಅವಕಾಶದ ದಿನ ತಿಪ್ಪೇಸ್ವಾಮಿ ಪರೀಕ್ಷೆಗೆ ಕೂರುವ ಮುನ್ನ ಹೊರಗಿನ ನಲ್ಲಿಯ ಹತ್ತಿರ ಹೋಗಿ, ಬಾಯಿ ತುಂಬ ನೀರು ತುಂಬಿಕೊಂಡು ಬಂದು ಕುಳಿತರು. ನಲವತ್ತು ನಿಮಿಷ ಹಾಗೇ ಇದ್ದರು. ಕೆನ್ನೆ ಉಬ್ಬಿತ್ತು, ಹಣೆಯಲ್ಲಿ ಬೆವರಿತ್ತು, ತುಟಿ ಅಲುಗಲಿಲ್ಲ. ಮುಗಿದೊಡನೆ ಹೊರಗೋಡಿ ಉಗುಳಿ ಬಂದು, "ಎಷ್ಟು ಬಂತು?" ಎಂದರು.

ಎಪ್ಪತ್ತೆರಡು ಬಂದಿತ್ತು. ಅರುವತ್ತು ಸಾಕಿತ್ತು.

"ಹೋದ್ಸಲ ತೊಂಬತ್ನಾಕಿತ್ತಲ್ಲಣ್ಣ, ಹಿಂಗ್ಯಾಕೆ ಇಳಿದೋದೆ?" ಎಂದು ಏಣಿ ಹಿಡಿಯುವವರಲ್ಲೊಬ್ಬ ಕೆಣಕಿದ.

"ಅದು ಅವಳ್ದು ಕಣಲೇ. ಇದು ನಂದು."

ಟೀ ಅಂಗಡಿಯ ಬೆಂಚಿನಿಂದ ರತ್ನಮ್ಮ ಎದ್ದು ನಿಂತು ನಮ್ಮ ಕಡೆ ನೋಡುತ್ತಿದ್ದರು. ತಿಪ್ಪೇಸ್ವಾಮಿ ರಸ್ತೆಯ ಈಚೆಯಿಂದಲೇ ತಲೆಯಾಡಿಸಿದರು. ಆಕೆ ಮತ್ತೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡರು.

ದೀಪಾವಳಿಗೆ ಮುಂಚೆ ಆದೇಶ ಬಂತು. ರತ್ನಮ್ಮ ಕೆಲಸದಲ್ಲಿ ಮುಂದುವರಿಯಬಹುದು. ಆದರೆ ತಪ್ಪಿಗೆ ಶಿಕ್ಷೆಯಾಗಿ ಎರಡು ವರ್ಷ ಯಾವುದೇ ತರಬೇತಿ ಪಟ್ಟಿಗೆ ಆಕೆಯ ಹೆಸರನ್ನು ಸೇರಿಸಬಾರದು. ಎಂದೂ ಸೇರಿಸದಿದ್ದ ಹೆಸರನ್ನು ಸೇರಿಸಬಾರದೆಂದು ಬರೆದ ಆ ಸಾಲನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ಚರ್ಚಾವೇದಿಕೆಯ ಹಳೆಯ ಅಭ್ಯಾಸ ಕೆಲಸಕ್ಕೆ ಬಂತು. ಶಿಕ್ಷೆಗೆ ಅವಧಿಯಿದೆ. ಅವಧಿ ಮುಗಿದ ಮೇಲೆ ಸೇರಿಸಲು ಅಡ್ಡಿಯೇನು? ಆದೇಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡೆ. ನನ್ನ ವರ್ಷವೂ ಮುಗಿದು ತುಮಕೂರಿಗೆ ಹಿಂತಿರುಗಿದೆ.

ಎರಡು ವರ್ಷ ತುಂಬಿದ ದಿನ ಆ ಪ್ರತಿಯನ್ನು ಲಗತ್ತಿಸಿ ಅರ್ಧ ಪುಟದ ಪತ್ರ ಕಳಿಸಿದೆ. ಈ ಬಾರಿ ಬರೆಯುವ ಮೊದಲು ರತ್ನಮ್ಮನವರಿಗೆ ಫೋನು ಮಾಡಿ ಕೇಳಿದ್ದೆ. ಉತ್ತರ ಬರಲು ತಡವಾಯಿತು, ಆದರೆ ಬಂತು. ನಾಲ್ಕು ಕಚೇರಿಗಳ ಆಪರೇಟರುಗಳ ಹೆಸರೂ ಪಟ್ಟಿಗೆ ಸೇರಿತು. ಕಳೆದ ತಿಂಗಳು ನಾನು ಹಿರಿಯೂರಿಗೆ ಹೋದದ್ದು ಆ ಪರೀಕ್ಷೆಯ ಮೇಲ್ವಿಚಾರಣೆಗೆ.

ಪಕ್ಕದ ಕೋಣೆಯಲ್ಲಿ ತಿಪ್ಪೇಸ್ವಾಮಿ ಸ್ಪಿರಿಟ್ಟಿನಿಂದ ಎಳೆ ಒರೆಸುತ್ತಿದ್ದರು. ರತ್ನಮ್ಮ ಅದೇ ಕುರ್ಚಿಯಲ್ಲಿ, ಅದೇ ಕಂಪ್ಯೂಟರಿನ ಮುಂದೆ ಕುಳಿತರು. ಫೋನಿಗೆ ಓಟಿಪಿ ಬಂತು. ಅಭ್ಯಾಸಬಲದಿಂದ ಅದನ್ನು ಜೋರಾಗಿ ಓದಿದರು, ಫೋನಿನಲ್ಲಿ ಯಾರೋ ಹೇಳಿದ್ದನ್ನು ಮರಳಿ ಒಪ್ಪಿಸುವಂತೆ. ಮರುಕ್ಷಣ ಒಂದೊಂದೇ ಅಂಕೆಯನ್ನು ತಾವೇ ಒತ್ತಿದರು. ನಲವತ್ತು ನಿಮಿಷದ ನಂತರ ಅಭಿನಂದನೆಯ ಸಂದೇಶ ಆಕೆಯ ಸ್ವಂತ ಫೋನಿಗೆ ಮೊದಲ ಸಲ ಬಂತು. ಎಂಬತ್ತೆಂಟು.

ತಿಪ್ಪೇಸ್ವಾಮಿ ಬಾಗಿಲಿಗೆ ಬಂದು ನಿಂತಿದ್ದರು. "ಅಲ್ಲವ್ವ, ನನ್ನ ಹೆಸರಿಗೆ ತೊಂಬತ್ತಾರು ತಗಂಡಿದ್ದೆ. ನಿನ್ನ ಹೆಸರಿಗೆ ಎಂಬತ್ತೆಂಟಾ?"

"ಒತ್ತಿದ ಉತ್ತರಾನ ಮತ್ತೆ ಮತ್ತೆ ಬದಲಾಯ್ಸಿಬಿಟ್ಟೆ ಅಣ್ಣಾ. ನಿಮ್ದು ಬರೆಯುವಾಗ ಒಂದೇ ಸಲ ಒತ್ತಿಬಿಡ್ತಿದ್ದೆ."

ಓದುಗರಲ್ಲಿ ನನ್ನದೊಂದು ಕೋರಿಕೆಯಿದೆ. ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಕಚೇರಿಯ ತರಬೇತಿ ಪಟ್ಟಿಯನ್ನು ಕೇಳಿ ಪಡೆದು ಒಮ್ಮೆ ಓದಿ. ನಿಮ್ಮ ಪಾಲಿನ ಪಾಠ, ಪರೀಕ್ಷೆ, ಅರ್ಜಿಗಳನ್ನು ನಿಮಗಾಗಿ ತುಂಬಿಕೊಡುವವರೊಬ್ಬರು ಅಲ್ಲಿ ಇರುತ್ತಾರೆ. ಅವರ ಹೆಸರು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ, ಮೊದಲು ಅವರನ್ನು ಕೇಳಿ. ಆಮೇಲೆ ಅವರ ಹೆಸರನ್ನು ಸೇರಿಸಿರೆಂದು ಮೇಲಿನವರಿಗೆ ಬರೆಯಿರಿ.